ಸ್ವಿಚ್ಚಿನ ಕಥೆಗೆ ನನ್ನ ಆಕ್ಷೇಪಣೆ

ನಮ್ಮ ಚಿಕ್ಕಮ್ಮ ಕಾಕುವಿನ ಲ್ಯಾಪ್‌ಟಾಪಿಗೆ ವೈಫೈ ಬಂದ ಕಥೆಯನ್ನು ನೀವು ಅವರ ಗಂಡ ಕಾಕಾನ ಬಾಯಿಂದ ಕೇಳಿದ್ದರೆ ದಯವಿಟ್ಟು ಮರೆತುಬಿಡಿ. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ಕಾಕಾ ಇದನ್ನು ಪುಣೆಯ ಅರ್ಧ ಊರಿಗೆ ಹೇಳಿ ಮುಗಿಸಿದ್ದಾರೆ. ಕನ್ನಡದವರು ಸಿಕ್ಕರೆ, "ನಮ್ಮ ಮೇಧಾ ದಿನಗಟ್ಟಲೆ ಅದರ ಮುಂದ ಕೂತು ಗುದ್ದಾಡಿದ್ಲರಿ. ಕಡೀಕ ನಾ ಬಂದು ಒಂದು ಬಟನ್ ಸರಿಸಿದೆ, ಚಾಲೂ ಆತು!" ಮರಾಠಿಯವರು ಸಿಕ್ಕರೆ ಇನ್ನೂ ಚಿಕ್ಕದು: "ಬಟನ್ ಬಂದ್ ಹೋತಂ, ಬಸ್!" ಬಟನ್ ಬಂದ್ ಆಗಿತ್ತು, ಅಷ್ಟೇ ಅಂತ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ಮೇಧಾ ನಾನೇ. ಓದಿದ ಹುಡುಗಿ ಸೋತು ಹಿರಿಯರು ಗೆದ್ದ ಕಥೆಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಏನಾದರೂ ಇದ್ದರೆ ಅದು ಇಷ್ಟೇ: ಬಹಳ ಚೊಕ್ಕವಾಗಿರುವ ಕಥೆಯನ್ನು ಮೊದಲು ಅನುಮಾನಿಸಬೇಕು. ಆದ್ದರಿಂದ ಇಲ್ಲಿ ನನ್ನ ಪಕ್ಷವನ್ನು ಮಂಡಿಸುತ್ತಿದ್ದೇನೆ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕಲಾರರು ಎಂಬ ಸುಖ ಬೇರೆ.

ಕಾಕು ಪ್ರತಿ ಭಾನುವಾರ ಬೆಳಿಗ್ಗೆ ಆನ್‌ಲೈನ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಬರೆಯುವ ಮಕ್ಕಳು ಇವರು. ದೌಂಡದ ರೇಲ್ವೆ ಕ್ವಾರ್ಟರ್ಸಿನ ಒಬ್ಬಳು, ಬಾರಾಮತಿಯ ಅಣ್ಣತಮ್ಮಂದಿರು, ಉಳಿದವರು ಇಲ್ಲಿಯವರೇ. ಕಾಕು ಕೂತಲ್ಲಿ ಪಾಠ ಮಾಡುವವರಲ್ಲ. ಲ್ಯಾಪ್‌ಟಾಪನ್ನು ತಟ್ಟೆಯಂತೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, "ಇದೇನು? ಹಾಂ, ಬದನೀಕಾಯಿ! ಬ ಬರೀರಿ" ಎನ್ನುತ್ತಾರೆ. ಲ್ಯಾಪ್‌ಟಾಪ್ ಎಷ್ಟು ಹಳೆಯದೆಂದರೆ ಬದನೆಕಾಯಿ ಮಕ್ಕಳಿಗೆ ಕಾಣುವ ಹೊತ್ತಿಗೆ ಕಾಕು ಈರುಳ್ಳಿಗೆ ಬಂದಿರುತ್ತಿದ್ದರು. ದೌಂಡದ ಹುಡುಗಿಯ ತಾಯಿ, ಹೀಗೇ ಆದರೆ ಆ ಹೊತ್ತಿಗೆ ಮಗಳನ್ನು ಡಾನ್ಸ್ ಕ್ಲಾಸಿಗೆ ಹಾಕುತ್ತೇನೆ ಎಂದು ಫೋನ್ ಮಾಡಿ ಹೇಳಿದ್ದೂ ಆಗಿತ್ತು.

ಹೊಸದು ಕೊಳ್ಳೋಣ ಎಂದರು ಕಾಕಾ. ನಾನು ಎದ್ದು ನಿಂತು ವಿರೋಧಿಸಿದೆ. ಯಂತ್ರ ಚೆನ್ನಾಗಿದೆ, ಅದರ ಮೇಲೆ ಹೇರಿದ ಆಪರೇಟಿಂಗ್ ವ್ಯವಸ್ಥೆ ಭಾರವಾಗಿದೆ; ಅದನ್ನು ಕಿತ್ತುಹಾಕಿ ಲಿನಕ್ಸ್ ಹಾಕೋಣ, ಅದು ಹಗುರ, ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು ಎಂದೆ. "ತೆರೆದು ಯಾರ ನೋಡವ್ರು ನಮ್ಮ ಮನ್ಯಾಗ?" ಎಂದರು ಕಾಕಾ. ಹಕ್ಕಿದ್ದರೆ ಸಾಕು, ಬಳಸಲೇಬೇಕೆಂದಿಲ್ಲ ಎಂದೆ. ತಟ್ಟೆಯಲ್ಲಿನ ಜೋಳದ ಭಕ್ಕರಿ ಆರುವ ಹೊತ್ತಿಗೆ ನಾನು ಗೆದ್ದಿದ್ದೆ.

ದಸರಾ ರಜೆಯ ಮೊದಲ ದಿನವೇ ಲಿನಕ್ಸ್ ಹಾಕಿದೆ. ಲ್ಯಾಪ್‌ಟಾಪ್ ಕರುವಿನಂತೆ ನೆಗೆಯಿತು. ವೈಫೈ ಮಾತ್ರ ಇರಲೇ ಇಲ್ಲ.

"ಗಾಡಿ ಭಾಳ ಛಲೋ ಓಡ್ತದ, ಆದ್ರ ರಸ್ತೇನ ಇಲ್ಲ," ಎಂದರು ಕಾಕಾ. "ಸೂಟಿ ಮುಗಿದ ಮ್ಯಾಲೆ ಮೊದಲನೇ ಐತ್ವಾರ ಮಕ್ಕಳ ಮಾರಿ ಕಾಣ್ಲಿಲ್ಲಂದ್ರ ಅಂಗಡಿಗೆ ಒಯ್ದು ಹಳೇದ ಹಾಕಸ್ತೀನಿ."

ಕಾಕು ಬೈಯಲಿಲ್ಲ. "ಆ ದೌಂಡದ ಕೂಸು ಈಗ ಒತ್ತಕ್ಷರಕ್ಕ ಬಂದದವಾ, ತಪ್ಪಿಸಬ್ಯಾಡ," ಎಂದಷ್ಟೇ ಹೇಳಿದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ತೊಡಕು ಇದು. ವೈಫೈ ಹಿಡಿಯುವ ಚಿಪ್ಪನ್ನು ನಡೆಸಲು ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಈ ಚಿಪ್ಪಿನದು ಕಂಪನಿಯವರು ಮುಚ್ಚಿಟ್ಟ ಗುಟ್ಟಾದ್ದರಿಂದ ನನ್ನ ಲಿನಕ್ಸ್ ಅದನ್ನು ಜೊತೆಗೆ ತಂದಿರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ ಇಂಟರ್ನೆಟ್ಟಿಗೆ ಅದೇ ಡ್ರೈವರ್ ಬೇಕು. ಮೊಬೈಲಿನಲ್ಲಿ ಒಂದು ಲಿನಕ್ಸ್ ಬಳಗಕ್ಕೆ ಹೋಗಿ ಸಹಾಯ ಕೇಳಿದೆ. ಒಬ್ಬರು, ಮುಚ್ಚಿದ ಡ್ರೈವರ್ ಹಾಕುವುದು ಸ್ವಾತಂತ್ರ್ಯಕ್ಕೆ ದ್ರೋಹ, ಚಿಪ್ಪನ್ನೇ ಬದಲಿಸಿ ಎಂದರು. ನಾನು ಸುಮ್ಮನಿರಲಾರದೆ ವಾದಕ್ಕಿಳಿದೆ. ಇಡೀ ಸಂಜೆ ನಡೆದ ಚರ್ಚೆಯಲ್ಲಿ ಅವರು ಕೊನೆಗೆ ನನ್ನ ಮಾತನ್ನು ಒಪ್ಪಿಕೊಂಡರು. ಆಮೇಲೆ ನೆನಪಾಯಿತು, ಡ್ರೈವರ್ ಹಾಕುವುದು ಹೇಗೆಂದು ಕೇಳುವುದನ್ನೇ ಮರೆತಿದ್ದೆ.

ಅಷ್ಟರಲ್ಲಿ ಆಯುಧಪೂಜೆಯ ಖಂಡೇನವಮಿ ಬಂತು. ಕಾಕಾ ತಮ್ಮ ತಕ್ಕಡಿ, ಬೆಲ್ಲ ಕೊಯ್ಯುವ ಕತ್ತಿ, ಕಾಕುವಿನ ಮಿಕ್ಸರ್, ಈ ಲ್ಯಾಪ್‌ಟಾಪ್ ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ, ಚೆಂಡುಹೂ ಏರಿಸಿದರು. ಕೆಲಸವನ್ನೇ ಮಾಡದ ಆಯುಧಕ್ಕೆ ಯಾವ ಪೂಜೆ ಎಂದು ನಾನು ಕೊಂಕು ತೆಗೆದೆ. "ಅದಕ್ಕೂ ಒಂದಿನ ಆರಾಮ ಬೇಕಲ್ಲ, ವಕೀಲಸಾಹೇಬ್ರ?" ಎಂದ ಕಾಕಾ, ಆರಾಮ ಎಂದರೆ ಪೂರ್ತಿ ಆರಾಮವೆಂದು ಮಿಕ್ಸರಿನ ವೈರು ಸುತ್ತಿಟ್ಟು, ಲ್ಯಾಪ್‌ಟಾಪಿನ ಮುಂದಂಚಿನಲ್ಲಿ ಕಂಡ ಒಂದು ಪುಟ್ಟ ಬಟನ್ನನ್ನೂ ಎಡಕ್ಕೆ ಸರಿಸಿ ಮಲಗಿಸಿದರು. ಅದು ವೈಫೈ ಸ್ವಿಚ್. ಇದು ನನಗೆ ಗೊತ್ತಾದದ್ದು ಆಮೇಲೆ.

ಶನಿವಾರ ದಾರಿ ಹೊಳೆಯಿತು. ಮೊಬೈಲನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಅದರ ಇಂಟರ್ನೆಟ್ ಎರವಲು ಪಡೆದೆ. ನಮ್ಮ ನೆಲಮಹಡಿಯ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾಲ್ಕನಿಯ ತುಳಸಿ ಕುಂಡದ ಪಕ್ಕ ಮಾತ್ರ. ಅಲ್ಲಿ ಕುಕ್ಕರುಗಾಲಲ್ಲಿ ಕೂತು ಡ್ರೈವರ್ ಇಳಿಸಿದೆ, ಎರಡು ಸಲ ಎಡವಟ್ಟು ಮಾಡಿಕೊಂಡು ಮೂರನೆಯ ಸಲ ಹಾಕಿದೆ. ಅಲ್ಲಿಯವರೆಗೆ ಪತ್ತೆಯೇ ಇಲ್ಲದ ಚಿಪ್ಪಿನ ಹೆಸರು ಪರದೆಯ ಮೇಲೆ ಮೂಡಿತು! ಆದರೆ ನೆಟ್‌ವರ್ಕ್ ಒಂದೂ ಕಾಣಲಿಲ್ಲ. ಯಂತ್ರದ ಕಡೆಯಿಂದಲೇ ತಡೆ ಇದೆ ಎಂದು ಪರದೆ ಸ್ಪಷ್ಟವಾಗಿ ಹೇಳುತ್ತಿತ್ತು. ಹೇಳಿದ್ದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲವಾದ್ದರಿಂದ ಅದನ್ನೂ ನಂಬಲಿಲ್ಲ.

ಭಾನುವಾರ ಬೆಳಿಗ್ಗೆ ಕಾಕು ಇಸ್ತ್ರಿ ಸೀರೆ ಉಟ್ಟು, ಕೈಯಲ್ಲಿ ಬದನೆಕಾಯಿ ಹಿಡಿದು ಪಕ್ಕಕ್ಕೆ ಬಂದು ನಿಂತರು. ಚಹಾ ಕುಡಿಯುತ್ತ ಬಂದ ಕಾಕಾ ಬಗ್ಗಿ ನೋಡಿ, "ಅಲ್ಲವಾ, ಇದನ್ನ ನಾ ನವಮಿ ದಿನ ಮಲಗಿಸಿದ್ದೆ. ಇನ್ನೂ ಎಬ್ಬಿಸಿಲ್ಲೇನು?" ಎಂದು ಬಟನ್ ಬಲಕ್ಕೆ ಸರಿಸಿದರು. ಇಡೀ ಸೊಸೈಟಿಯ ವೈಫೈಗಳು ಮದುವೆಗೆ ಬಂದ ನೆಂಟರಂತೆ ಒಂದೊಂದಾಗಿ ಪರದೆಗೆ ಬಂದು ಕೂತವು. ನಾನು ಕೂಗಿದ ರಭಸಕ್ಕೆ ಚಹಾ ಚೆಲ್ಲಿತು. ಮಕ್ಕಳ ಮುಖಗಳೆಲ್ಲ ಬಂದವು. ಕಾಕು ಅಡುಗೆಮನೆ, ಪಡಸಾಲೆ, ಬಾಲ್ಕನಿ ಸುತ್ತಿದರೂ ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. "ಕಾಕೂ, ಬದನೀಕಾಯಿಗೆ ಮುಳ್ಳು ಅದಾವ! ಇವತ್ತ ಕಂಡ್ವು!" ಎಂದು ದೌಂಡದ ಹುಡುಗಿ ಚೀರಿದಳು. ಹಿಂದೆ ನಿಂತಿದ್ದ ಅವಳ ತಾಯಿ ಡಾನ್ಸಿನ ಮಾತೆತ್ತಲಿಲ್ಲ.

ಈಗ ನನ್ನ ವಾದ. ಖಂಡೇನವಮಿಗೆ ಮುಂಚೆ ಆ ಸ್ವಿಚ್ ಬಲಕ್ಕೇ ಇತ್ತು. ಆಗಲೂ ವೈಫೈ ಇರಲಿಲ್ಲ. ಆದ್ದರಿಂದ ವೈಫೈ ತಂದದ್ದು ಡ್ರೈವರ್. ಕಾಕಾ ತಾವೇ ಹಾಕಿದ ಚಿಲಕವನ್ನು ತಾವೇ ತೆಗೆದರು, ಅಷ್ಟೆ. ಇದರಲ್ಲಿ ತಪ್ಪು ಹುಡುಕಿ ನೋಡೋಣ! ಊಟಕ್ಕೆ ಕೂತಾಗ ಇದನ್ನು ಎಳೆಎಳೆಯಾಗಿ ಬಿಡಿಸಿಟ್ಟೆ. "ಖರೇ ಅದ," ಎಂದು ತಲೆಯಾಡಿಸಿದ ಕಾಕಾ, ಮರುದಿನ ಹಾಲಿನವನಿಗೆ ಮತ್ತೆ ಬಟನ್ನಿನ ಕಥೆಯನ್ನೇ ಹೇಳಿದರು.

ಮೊನ್ನೆ ಅದೇ ಕಾಕಾ ಅಂಗಡಿಯಿಂದ ತಮ್ಮ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. ಕೀಲಿಗಳಿಗೆಲ್ಲ ಬೆಲ್ಲದ ಅಂಟು. "ಭಾಳ ನಿಧಾನ ಆಗ್ಯದ. ಇದಕ್ಕೂ ನಿನ್ನ ಲಿನಕ್ಸ್ ಹಾಕಿಕೊಡು," ಎಂದರು, ದನಿ ತಗ್ಗಿಸಿ, ಪಕ್ಕದ ಮನೆಯವರಿಗೆ ಕೇಳಬಾರದೆಂಬಂತೆ. ನನಗೆ ಬಂದ ಖುಷಿಯ ಮುಂದೆ ನನ್ನ ಅಷ್ಟೂ ಬಹುಮಾನದ ಕಪ್ಪುಗಳು ಚಹಾದ ಕಪ್ಪುಗಳಾಗಿಬಿಟ್ಟವು. ಆದರೂ ಅವರು ಅತ್ತ ತಿರುಗಿದ್ದೇ ತಡ, ನಾನು ಮೊದಲು ಮಾಡಿದ್ದು ಲ್ಯಾಪ್‌ಟಾಪಿನ ನಾಲ್ಕೂ ಅಂಚಿಗೆ ಬೆರಳಾಡಿಸಿ ಎಲ್ಲಾದರೂ ಬಟನ್ ಇದೆಯೇ ಎಂದು ನೋಡಿದ್ದು. ಇರಲಿಲ್ಲ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೇಳಿದೆ:

"ಕಾಕಾ, ಬಟನ್ ಸರಿಸಿದ್ರ ಎಲ್ಲಾ ಚಾಲೂ ಆಗೋದಿದ್ರ, ಇದನ್ನ ನನ್ನ ಕಡೆ ಯಾಕ ತಂದ್ರಿ?"