ಪೇಂಡ್ಸೆ ಕಾಕಾರ ಬೋರ್ಡು

ಸಾತಾರಾ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ತೂಗುವ ಕಂಪ್ಯೂಟರಿನೊಳಗೆ ಹಲ್ಲಿಯೊಂದು ಹೊಕ್ಕು, ತಾನೂ ಸತ್ತು ಕಂಪ್ಯೂಟರನ್ನೂ ಸಾಯಿಸಿತು. ಪುಣೆಯಲ್ಲಿದ್ದ ಪೇಂಡ್ಸೆ ಕಾಕಾರ ಮಾನಕ್ಕೆ ಕುತ್ತು ಬಂದದ್ದು ಹೀಗೆ.

ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವಷ್ಟರಲ್ಲಿ ಕಾರ್ಖಾನೆಯ ಜಗತಾಪ ಹೊಸ ಲ್ಯಾಪ್‌ಟಾಪನ್ನು ಕೈಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ತೂಕದ ಪ್ರೋಗ್ರಾಮು ಕಾಕಾರ ಕಂಪನಿಯೇ ಬರೆದದ್ದು, ಮುದಿಯಾಗಿತ್ತು. ಹೊಸ ಯಂತ್ರಕ್ಕೆ ಹಾಕಿದರೆ ಕಣ್ಣು ಬಿಡುವ ಮೊದಲೇ ಮುಚ್ಚುತ್ತಿತ್ತು.

"ಕಬ್ಬಿನ ಗಾಡಿ ಗೇಟಿನಿಂದ ಹೈವೇತನಕ ನಿಂತಾವ್ರಿ. ಬಿಸಿಲಿಗೆ ಕಬ್ಬು ಒಣಗಿದ್ರ ತೂಕ ಹೋಗತೈತಿ. ಆಮ್ಯಾಲೆ ರೈತರು ಕಬ್ಬಿನ ಬದಲಿಗೆ ನನ್ನನ್ನ ಗಾಣಕ್ಕ ಹಾಕ್ತಾರ!"

"ಹೆದರಬೇಡಿ ಜಗತಾಪರಾವ್. ನನ್ನ ಟಿಪ್ಪಣೀಲಿ ಇಲ್ಲದ ಮದ್ದಿಲ್ಲ" ಎಂದರು ಕಾಕಾ.

ಕೆಲಸಕ್ಕೆ ಸೇರಿದಂದಿನಿಂದ ಕಾಕಾ ಟಿಪ್ಪಣಿ ಕೂಡಿಡುತ್ತ ಬಂದಿದ್ದರು. ಉಪಯುಕ್ತ ಕೋಡಿನ ತುಣುಕುಗಳು, ಹೊಸ ಯಂತ್ರವನ್ನು ಸಜ್ಜುಗೊಳಿಸುವ ಕ್ರಮ, ಯಾವ ರೋಗಕ್ಕೆ ಯಾವ ಮದ್ದು, ಎಲ್ಲವೂ ಅದರಲ್ಲಿದ್ದವು. ನಡುನಡುವೆ, 'ಇದು ನಡೆದ ದಿನ ಮೋಘೆ ಮಿಸಳ್ ಕೊಡಿಸಿದ. ಖಾರ ಹೆಚ್ಚು' ಎಂಬಂಥ ಸಾಲುಗಳು. ಮೋಘೆ ಕಾಕಾರ ಹಳೆಯ ಸಹೋದ್ಯೋಗಿ. ಹೊಸಬರು ತೆರೆದರೆ ಕೋಡಿಗಿಂತ ಮೊದಲು ಒಗ್ಗರಣೆಯ ಘಮ ಬರುತ್ತಿತ್ತು.

ಪುಣೆಯ ಹಳೆಯ ಪೇಠೆಗಳಲ್ಲಿ ಬಂದವರಿಗೆ ಬುದ್ಧಿ ಹೇಳಲು ಮನೆಬಾಗಿಲಿಗೆ ತೂಗುಹಾಕುವಂಥದೇ ಒಂದು ಬೋರ್ಡು ಕಾಕಾರ ಕುರ್ಚಿಯ ಮೇಲಿನ ಗೋಡೆಯಲ್ಲಿ ತೂಗುತ್ತಿತ್ತು: 'ತೊಡಕು ಬಿಡಿಸಿಕೊಂಡು, ಹೇಗೆಂದು ಬರೆಯದೆ ಹೋಗುವವರು ಉಂಡ ಎಲೆ ಎತ್ತದವರು. ಅಂಥವರು ಇಲ್ಲಿ ಕೂರಬಾರದು.'

ಮ್ಯಾನೇಜರ್ ಮೃಣ್ಮಯಿ ಬಾಪಟ್ ಕಾಕಾರಿಗಿಂತ ಬಹಳ ಚಿಕ್ಕವಳು. ಹಳೆಯದನ್ನು ಕಂಡರೆ ಅವಳಿಗೆ ಪೊರಕೆ ನೆನಪಾಗುತ್ತಿತ್ತು.

"ಕಾಕಾ, ನಿಮ್ಮ ಟಿಪ್ಪಣಿ ಓದೋರು ನೀವೊಬ್ರೇ. ಇವತ್ತು ಅದ್ರಿಂದ ಇವರ ಕೆಲಸ ಆದ್ರೆ ಉಳಿಸ್ತೀನಿ. ಇಲ್ಲಾಂದ್ರೆ ಸಂಜೆ ಅಳಿಸ್ತೀನಿ."

ಕಂಪನಿಯ ಕೋಡನ್ನು ಮನೆಗೆ ಒಯ್ಯುವಂತಿರಲಿಲ್ಲ. ಅಳಿಸಿದರೆ ಮೋಘೆಯ ಮಿಸಳೂ ಅದರ ಜೊತೆಗೇ ಹೋಗುತ್ತಿತ್ತು.

ಕಾಕಾ ಹುಡುಕಿದರು. ಸಿಕ್ಕಿಯೇ ಬಿಟ್ಟಿತು: 'ತೂಕದ ಪ್ರೋಗ್ರಾಮು ತೆರೆಯದಿದ್ದರೆ ರಾಮಬಾಣ.'

"ನೋಡಿದ್ಯಾ ಬಾಪಟ್?" ಎಂದು ಕಾಕಾ ಎದೆಯುಬ್ಬಿಸಿದರು.

ಕೆಳಗೆ ಬಾಣವಿರಲಿಲ್ಲ, ಅಂತರ್ಜಾಲದ ಒಂದು ವಿಳಾಸವಷ್ಟೇ ಇತ್ತು. ಒತ್ತಿದರೆ ಪ್ರೋಗ್ರಾಮು ಬರೆಯುವವರ ಹಳೆಯ ಹರಟೆಕಟ್ಟೆಯೊಂದು ತೆರೆಯಿತು. 'ಗಡದ ಹುಲಿ' ಎಂಬ ಹೆಸರಿಟ್ಟುಕೊಂಡವನೊಬ್ಬ ಇದೇ ರೋಗಕ್ಕೆ ಮದ್ದು ಕೇಳಿ ಗೋಗರೆದಿದ್ದ. ಯಾರೂ ಉತ್ತರಿಸಿರಲಿಲ್ಲ. ಕೊನೆಗೆ ಹುಲಿಯೇ ಬರೆದಿತ್ತು: 'ಬಗೆಹರಿಯಿತು. ಎಲ್ಲರಿಗೂ ಧನ್ಯವಾದ.'

ಅಷ್ಟೇ.

ಕಾಕಾ ಕೆಂಡವಾದರು. "ಹೇಗೆ ಬಗೆಹರೀತು ಅಂತ ಬರೆಯೋಕೆ ಕೈಗೆ ಲಕ್ವಾ ಹೊಡೆದಿತ್ತೇನೋ ನಿಂಗೆ? ಹುಲಿಯಂತೆ ಹುಲಿ! ಕದ್ದು ಹಾಲು ಕುಡಿಯೋ ಬೆಕ್ಕು!"

"ತಡೀರಿ ಕಾಕಾ, ಮಹಾಶಯನ ಮುಖಾನಾದ್ರೂ ನೋಡೋಣ" ಎಂದು ಪಕ್ಕದ ಮೇಜಿನ ನಿಲೋಫರ್ ತಾಂಬೋಳಿ ಹುಲಿಯ ಚಿತ್ರವನ್ನು ದೊಡ್ಡದು ಮಾಡಿದಳು. ಸಿಂಹಗಡ ಕೋಟೆಯ ಬುಡದಲ್ಲಿ, ಪೊದೆಮೀಸೆಯ ಸಣಕಲನೊಬ್ಬ ಪಿಸ್ತಾ ಹಸಿರು ಸ್ಕೂಟರಿನ ಮೇಲೆ ಕೂತಿದ್ದ.

"ಅಯ್ಯೋ, ಈ ಸ್ಕೂಟರ್ ಕೆಳಗಡೆ ನಿಂತಿದೆಯಲ್ಲಾ!"

ಎಲ್ಲರೂ ಆ ಸ್ಕೂಟರಿನ ಒಡೆಯರಾದ ಕಾಕಾರತ್ತ ತಿರುಗಿದರು. ಕಾಕಾ ಮೀಸೆಯಿಲ್ಲದ ತುಟಿಯನ್ನು ಮುಟ್ಟಿ ನೋಡಿಕೊಂಡರು.

"ಹೌದು... ಬಗೆಹರಿದ ಖುಷೀಲಿ ನಾನೂ ಮೋಘೇನೂ ಗಡ ಹತ್ತಿದ್ವಿ. ಝುಣಕಾ ಭಾಕರಿ ತಿಂದ್ವಿ. ಮೋಘೆ ರಾಗ ತಪ್ಪಿ ಹಾಡ್ತಾ ಇದ್ದ, ನಾಯಿಗಳೂ ಎದ್ದು ಹೋದ್ವು. ಎಲ್ಲಾ ನೆನಪಿದೆ."

"ಮದ್ದು, ಕಾಕಾ?" ಎಂದಳು ಬಾಪಟ್.

"ಮೊಸರು ಮಣ್ಣಿನ ಕುಡಿಕೇಲಿತ್ತು."

"ಕಾಕಾ, ಮದ್ದು!"

"ಅದೊಂದೇ ನೆನಪಿಲ್ಲ ತಾಯಿ."

ಕೇಳೋಣವೆಂದರೆ ಮೋಘೆ ಈಗ ಬದುಕಿರಲಿಲ್ಲ.

ಅಲ್ಲಿಂದ ಲ್ಯಾಪ್‌ಟಾಪು ಸಾರ್ವಜನಿಕ ಆಸ್ತಿಯಾಯಿತು. ನಿಲೋಫರ್ ಅದರ ತಾರೀಕನ್ನು ಹಿಂದಕ್ಕೆ ಓಡಿಸಿದಳು. ಎದುರು ಮೇಜಿನ ಗವ್ಹಾಣೆ ಎಲ್ಲಿಂದಲೋ ಹಳೆಯ ಫೈಲುಗಳನ್ನು ತಂದು ತುರುಕಿದ. ಕಾಕಾ ಏನನ್ನೋ ಅಳಿಸಿ, ಇನ್ನೇನನ್ನೋ ಸೇರಿಸಿದರು. ಕೊನೆಗೆ ತಾಳ್ಮೆಗೆಟ್ಟ ಜಗತಾಪ, ಟ್ರ್ಯಾಕ್ಟರಿಗೆ ಕೊಡುವಂತೆ ಅದರ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಪ್ರೋಗ್ರಾಮು ಕಣ್ಣು ಬಿಟ್ಟಿತು.

"ನನ್ನ ತಾರೀಕು!" "ನನ್ನ ಫೈಲು!" "ನನ್ನ ಗುದ್ದುರೀ!" ಎಂಬ ಗದ್ದಲ ಮುಗಿಯುವ ಮೊದಲೇ ಜಗತಾಪ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಜೀಪು ಹತ್ತಿದ್ದ. "ಗಾಡಿ ನಿಂತಾವ್ರಿ!" ಎಂಬುದಷ್ಟೇ ಬೀದಿಯಿಂದ ಕೇಳಿಸಿತು.

ಕಾಕಾರ ಬಾಡಿದ ಮುಖ ನೋಡಿ ಬಾಪಟ್‌ಗೂ ಮನಸ್ಸು ಕರಗಿತು.

"ಆಯ್ತು ಕಾಕಾ, ಇನ್ನೊಂದು ಅವಕಾಶ ಕೊಡ್ತೀನಿ. ಇವತ್ತು ಇದು ಹೇಗೆ ಸರಿಹೋಯ್ತು ಅಂತ ಮನೆಗೆ ಹೋಗೋ ಮೊದ್ಲು ನಿಮ್ಮ ಟಿಪ್ಪಣೀಲಿ ಬರೀರಿ. ನಾಳೆ ಬರೋರಿಗೆ ಉಪಯೋಗಕ್ಕೆ ಬರೋ ಹಾಗಿದ್ರೆ ಅಳಿಸಲ್ಲ."

ಎಲ್ಲರೂ ಚಹಾಕ್ಕೆ ಇಳಿದುಹೋದರು. ಕಾಕಾ ಟಿಪ್ಪಣಿ ತೆರೆದು 'ತಾರೀಕು' ಎಂದು ಬರೆದು ಅಳಿಸಿದರು, 'ಫೈಲು' ಎಂದು ಬರೆದು ಅಳಿಸಿದರು, 'ಗುದ್ದು' ಎಂದು ಬರೆದು ಅದನ್ನೂ ಅಳಿಸಿ ಕೂತರು. ಪಕ್ಕದ ಪರದೆಯಲ್ಲಿ ಸ್ಕೂಟರಿನ ಮೇಲಿದ್ದ ಹುಲಿ ಇನ್ನೂ ಇವರನ್ನೇ ನೋಡುತ್ತಿತ್ತು. ಆ ಪಾಪದ ಹುಡುಗನೂ ಅಂದು ಹೀಗೆಯೇ ಕೂತಿದ್ದಿರಬೇಕು ಎಂದು ಕಾಕಾರಿಗೆ ಮೊದಲ ಸಲ ಹೊಳೆಯಿತು.

ಕಾಕಾ ಕುರ್ಚಿ ಹತ್ತಿ ಬೋರ್ಡನ್ನು ಕಳಚಿ ಮೇಜಿನ ಮೇಲೆ ಬೋರಲಾಗಿ ಇಟ್ಟರು. ಆಮೇಲೆ ಕೂತು, ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದರು:

'ಬಗೆಹರಿಯಿತು. ಎಲ್ಲರಿಗೂ ಧನ್ಯವಾದ.'