ಆರನೆಯ ಹಾಡಿನ ನಂತರದ ಕೂಗು

ಮೊದಲು ಸ್ಟುಡಿಯೋ ಆಲ್ಬಮ್ಮನ್ನು ಹೇಳುವುದೋ, ಲೈವ್ ರೆಕಾರ್ಡಿಂಗನ್ನೇ ಹೇಳಿಬಿಡುವುದೋ? ಸ್ಟುಡಿಯೋದ್ದು ಅಚ್ಚುಕಟ್ಟು, ಕೇಳಿದವರು ಚೆನ್ನಾಗಿಲ್ಲ ಎನ್ನಲಾರರು. ಲೈವ್‌ನಲ್ಲಿ ಗಿಟಾರಿನ ತಂತಿಯೊಂದು ಸಡಿಲ, ಮೈಕು ನಡುನಡುವೆ ಕುಂಯ್ ಎನ್ನುತ್ತದೆ. ಆದರೆ ಲೈವ್‌ನಲ್ಲಿ... ಮೌನಿ ಯೋಚನೆಯನ್ನು ಅಲ್ಲಿಗೇ ತಡೆದು ಮೇಣದಲ್ಲಿ ಇನ್ನೊಂದು ಹಲ್ಲು ಕೂರಿಸಿದ.

ಅದು ಹಲ್ಲುಸೆಟ್ಟು ತಯಾರಿಸುವ ಜಾಗ. ಅವನಿಗೆ ಮೌನಿ ಎಂದು ಹೆಸರಿಟ್ಟವರು ಅಲ್ಲಿಯವರೇ. ದಿನವಿಡೀ ಊರವರ ಬಾಯಿ ತುಂಬಿಸುತ್ತಿದ್ದವನು ತನ್ನ ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ. ರೂಮಿಗೆ ಹೋದರೆ ಹೆಡ್‌ಫೋನು, 'ತುಕ್ಕು' ಎಂಬ ರಾಕ್ ತಂಡದ ಹಾಡುಗಳು, ಎದುರಿಗೊಂದು ಗೋಡೆ. ಆ ತಂಡದ ಬಗ್ಗೆ ಅವನು ಕೂಡಿಟ್ಟುಕೊಂಡಿದ್ದ ಅಭಿಪ್ರಾಯಗಳನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದ್ದಳು, ಹಲ್ಲಿನ ಬಣ್ಣ ಹೊಂದಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ, ಅವನ ಮೇಜಿನ ದೀಪಕ್ಕೆ ಅಂಟಿಸಿದ್ದ ಸ್ಟಿಕರ್ ನೋಡಿ.

"ಸರ್, ನೀವು ತುಕ್ಕು ಕೇಳ್ತೀರಾ? ಅವರದ್ದರಲ್ಲಿ ಯಾವುದು ಚೆನ್ನಾಗಿದೆ ಹೇಳಿ. ಲೈವ್ ಏನಾದ್ರೂ ಇದೆಯಾ?"

"ಯೋಚಿಸಿ ಹೇಳ್ತೀನಿ," ಎಂದಿದ್ದ.

"ಏನಯ್ಯಾ ಇದು?" ಯಜಮಾನರು ಅವನ ಮುಂದಿದ್ದ ಸೆಟ್ಟನ್ನು ಎತ್ತಿ ಹಿಡಿದರು. "ಎರಡೂ ಕಡೆ ಬಲಗಡೆ ಹಲ್ಲೇ ಕೂರಿಸಿದ್ದೀಯಲ್ಲ! ಈ ಅಜ್ಜ ಒಂದೇ ಪಕ್ಕಕ್ಕೆ ನಗಬೇಕಾ?"

"ಬಿಡಿ ಯಜಮಾನ್ರೇ, ಅವನಿವತ್ತು ಈ ಲೋಕದಲ್ಲಿಲ್ಲ. ಹುಡುಗಿ ಹಾಡಿನ ಬಗ್ಗೆ ಕೇಳಿದ್ದಾಳೆ," ಎಂದಳು ಹಲ್ಲಿಗೆ ಹೊಳಪು ಕೊಡುವ ಪಾಲಿಶ್ ಅಕ್ಕ.

"ಹಾಡು ಬರೀ ನೆಪ ಕಣೋ ಮೌನಿ," ಎಂದು ಅಚ್ಚು ಹುಯ್ಯುವ ಪ್ಲಾಸ್ಟರ್ ಅಣ್ಣ ಕಣ್ಣು ಹೊಡೆದ. ಮೌನಿಯ ಕಿವಿ ಬಿಸಿಯಾಯಿತು.

ಊಟದ ಹೊತ್ತಿಗೆ ಅವನು ಹುಡುಗಿಯ ಮುಂದೆ ಬಾಯಿ ಬಿಟ್ಟ. "ಮೊದಲನೇ ಆಲ್ಬಮ್ಮು ಖಾಲಿ ಗೋದಾಮಿನಲ್ಲಿ ಮಾಡಿದ್ದು. ಡ್ರಮ್ಮಿನ ಪ್ರತಿ ಏಟಿನ ಹಿಂದೆ ಗೋಡೆ ಕೇಳ್ಸುತ್ತೆ. ಎರಡನೇದರಲ್ಲಿ ಹಾಡುಗಳು ಇನ್ನೂ ಚೆನ್ನಾಗಿವೆ. ಮೂರನೇದು ಬಿಟ್ಬಿಡಿ, ಪಾಲಿಶ್ ಜಾಸ್ತಿ."

"ಪಾಲಿಶ್ ಜಾಸ್ತಿಯಾದ್ರೆ ನಿನಗೇನೋ ನೋವು?" ಅಕ್ಕ ಚಮಚ ತೋರಿಸಿದಳು.

"ಲೈವ್ ಒಂದೇ ಇರೋದು. ಅದನ್ನ ಕೊನೇಲಿ ಕೇಳಿ... ಇಲ್ಲ, ಅದನ್ನೇ ಮೊದಲು ಕೇಳಿ. ಆರನೇ ಹಾಡು ಮುಗಿದ ತಕ್ಷಣ ನಿಲ್ಲಿಸಬೇಡಿ."

ಆ ಕಾರ್ಯಕ್ರಮಕ್ಕೆ ಮೌನಿ ಒಬ್ಬನೇ ಹೋಗಿದ್ದ. ಆರನೆಯ ಹಾಡು ಮುಗಿದಾಗ ಸಭಾಂಗಣ ಸ್ತಬ್ಧವಾಗಿತ್ತು. ಜನ ಚಪ್ಪಾಳೆಯನ್ನೂ ಮರೆತಿದ್ದರು. ಆಗ ಅವನ ಗಂಟಲಿನಿಂದ, ಅವನನ್ನೂ ಕೇಳದೆ, "ಇನ್ನೊಂದ್ಸಲ!" ಎಂಬ ಕೂಗು ಹೊರಬಿದ್ದಿತ್ತು. ಗಾಯಕ ನಕ್ಕು, "ಆಗ್ಲಿ ಗೆಳೆಯಾ, ನಿನಗೋಸ್ಕರ," ಎಂದು ಮತ್ತೆ ಹಾಡಿದ್ದ. ಅಷ್ಟೂ ರೆಕಾರ್ಡ್ ಆಗಿತ್ತು. ಅವನನ್ನು ಯಾರೋ ಗೆಳೆಯ ಎಂದು ಕರೆದದ್ದಕ್ಕೆ ಲೋಕದಲ್ಲಿದ್ದ ಸಾಕ್ಷಿ ಅದೊಂದೇ. ಈಗ ಹುಡುಗಿ ಕೇಳಬೇಕು, "ಯಾರು ಸರ್ ಇದು?" ಎನ್ನಬೇಕು. ಆಮೇಲೆ ಹೇಳಬೇಕಾದ ಮಾತನ್ನು ಅವನು ಬೆಳಗಿನಿಂದ ಹಲ್ಲು ಜೋಡಿಸಿದ ಹಾಗೆ ಜೋಡಿಸಿಕೊಂಡಿದ್ದ.

"ಎಲ್ರೂ ಕೇಳೋಣ, ಸ್ಪೀಕರಿಗೆ ಹಾಕಮ್ಮಾ," ಎಂದ ಪ್ಲಾಸ್ಟರ್ ಅಣ್ಣ.

ಹಾಡುಗಳು ಒಂದಾದಮೇಲೊಂದು ಹೋದವು. ಕೆಲಸ ಮತ್ತೆ ಶುರುವಾಯಿತು. ಆರನೆಯದು ಮುಗಿಯುವುದಕ್ಕೂ ಅಕ್ಕ ಪಾಲಿಶ್ ಮೆಷಿನ್ ಒತ್ತುವುದಕ್ಕೂ ಸರಿಹೋಯಿತು. ಗುರ್ರ್! ಮೌನಿ ಹಾರಿ ಪ್ಲಗ್ ಕಿತ್ತ. ಕಿತ್ತದ್ದು ಸ್ಪೀಕರಿನದ್ದು. ಆ ರಭಸಕ್ಕೆ, ಕಲಸಿಟ್ಟಿದ್ದ ಪ್ಲಾಸ್ಟರಿನ ಬಟ್ಟಲು ಮಗುಚಿ ಅವನ ಪ್ಯಾಂಟಿನ ಮೇಲೆ ಬಿತ್ತು.

"ಲೋ, ನಾನು ಅಚ್ಚು ತೆಗೀಬೇಕಾಗಿದ್ದು ಬಾಯಿದು, ನಿನ್ನ ಕಾಲಿಂದಲ್ಲ!" ಎಂದು ಪ್ಲಾಸ್ಟರ್ ಅಣ್ಣ ಕಿರುಚಿದ.

"ಮೆಷಿನ್ ನಿಲ್ಲಿಸಿ ಅಕ್ಕಾ, ದಯವಿಟ್ಟು. ಆ ಜಾಗದಿಂದ ಮತ್ತೆ ಹಾಕಿ," ಎಂದ ಮೌನಿ. ಅವನು ಹೀಗೆ ಬೇಡಿಕೊಂಡದ್ದು ಕಂಡೇ ಅಕ್ಕ ಮೆಷಿನ್ ನಿಲ್ಲಿಸಿದಳು, ಹುಡುಗಿ ಸ್ಪೀಕರಿನ ಪ್ಲಗ್ ಸಿಕ್ಕಿಸಿದಳು. ಪ್ಯಾಂಟು ಗಟ್ಟಿಯಾಗುತ್ತಿತ್ತು. ಹಾಡು ಮುಗಿಯಿತು. ಮೌನ. ಆಮೇಲೆ ಸ್ಪೀಕರಿನಿಂದ, "ಇನ್ನೊಂದ್ಸಲ!"

"ಯಾವನಯ್ಯ ಅವನು, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ!" ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಡುಗಿ ಮಾತ್ರ ಎದ್ದು ನಿಂತಳು. "ಇದೇ! ಸರ್, ಈ ದನಿ ಯಾರದ್ದು ಗೊತ್ತಾ?"

ಮೌನಿ ಬಾಯಿ ತೆರೆದ.

"ನಮ್ಮವರದ್ದು! ಮುಂದಿನ ತಿಂಗಳು ನನ್ನ ಮದುವೆ ಆಗೋರದ್ದು! 'ಅಷ್ಟು ಜನರ ಮಧ್ಯೆ ನಾನೊಬ್ಬನೇ ಕೂಗಿದ್ದು, ಹಾಡಿದವನೇ ಗೆಳೆಯಾ ಅಂತ ಕರೆದ' ಅಂತ ಮೊದಲ ಸಲ ಸಿಕ್ಕಾಗಲೇ ಹೇಳಿದ್ರು. ಆ ಕೂಗಿಗೇ ನಾನು ಒಪ್ಪಿದ್ದು ಸರ್. ಯಾವ ರೆಕಾರ್ಡಿಂಗ್ ಅಂದ್ರೆ ಮಾತ್ರ, ಮರೆತುಹೋಗಿದೆ ಅಂತಿದ್ರು."

"ಹಾಗಾ! ದನಿಯಲ್ಲಿ ಎಂಥಾ ಗತ್ತು ನೋಡು," ಎಂದರು ಯಜಮಾನರು. ಬೆಕ್ಕು ಅವರಿಗೆ ಮರೆತೇ ಹೋಗಿತ್ತು.

"ಕೇಳಿಸ್ಕೊಂಡ್ಯೇನೋ ಮೌನಿ? ಬಾಯಿ ಅಂದ್ರೆ ಹಾಗಿರಬೇಕು," ಎಂದಳು ಪಾಲಿಶ್ ಅಕ್ಕ. "ನಿಂದೂ ಇದೆ, ಮೇಣ ಮೆತ್ತಿದ ಹಾಗೆ."

"ನೀವಿಲ್ದಿದ್ರೆ ಇದು ಸಿಗ್ತಾನೇ ಇರಲಿಲ್ಲ ಸರ್," ಎಂದಳು ಹುಡುಗಿ. ಅವಳ ಕಣ್ಣು ಹೊಳೆಯುತ್ತಿತ್ತು. "ಇನ್ನೊಂದ್ಸಲ ಹಾಕ್ಲಾ?"

ಮೌನಿ ತಲೆಯಾಡಿಸಿದ. ಕೂಗು ಮತ್ತೆ ಕೇಳಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವನೂ ತಟ್ಟಿದ. ಆಮೇಲೆ ಕಲ್ಲಾದ ಪ್ಯಾಂಟಿನಲ್ಲಿ ಕಷ್ಟಪಟ್ಟು ಕೂತು, ಅಜ್ಜನ ಎಡಗಡೆಯ ಹಲ್ಲುಗಳನ್ನು ಹುಡುಕತೊಡಗಿದ.

ಕೂಗಿದ್ದು ತಾನು ಎಂದು ಅವನು ಯಾರಿಗೂ ಹೇಳಲಿಲ್ಲ.