ಸೋಲಲೆಂದೇ ಮುಂಬಯಿಗೆ ಹೊರಟ ಸಿದ್ರಾಮಪ್ಪನವರು

ಗೆಲ್ಲುತ್ತೇನೆಂದು ಕೊಚ್ಚಿಕೊಂಡು ಸೋತು ಬಂದವರು ಊರ ತುಂಬ ಸಿಗುತ್ತಾರೆ. ಸೋಲುತ್ತೇನೆಂದು ಕೊಚ್ಚಿಕೊಂಡು ಹೋಗಿ, ಅದನ್ನೂ ನೆಟ್ಟಗೆ ಮಾಡಲಾಗದೆ ಬಂದವರು ನನಗೆ ತಿಳಿದಂತೆ ಒಬ್ಬರೇ. ಅವರೇ ಪುಣೆ ಕ್ಯಾಂಪಿನ ಬಟ್ಟೆ ಅಂಗಡಿಯ ಗುಮಾಸ್ತ ಸಿದ್ರಾಮಪ್ಪನವರು.

ಅದು ತೊಂಬತ್ತೆಂಟನೆಯ ಇಸವಿ. ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ಮರಾಠಿ ವಾಹಿನಿಯೊಂದರಲ್ಲಿ ಪ್ರಶ್ನೋತ್ತರದ ಸ್ಪರ್ಧೆ ಬರುತ್ತಿತ್ತು. ಮೂವರು ಕೂರುವುದು, ಗೆದ್ದವರು ಮುಂದಿನ ವಾರಕ್ಕೆ ಉಳಿಯುವುದು, ಮಿಕ್ಕಿಬ್ಬರು ಮನೆಗೆ ಹೋಗುವುದು. ಸೊಲ್ಲಾಪುರದ ಅಂಬಾಬಾಯಿ ಎಂಬ ನಿವೃತ್ತ ಮುಖ್ಯಾಧ್ಯಾಪಿಕೆ ಒಮ್ಮೆ ಬಂದು ಕೂತವರು ತಿಂಗಳುಗಟ್ಟಲೆ ಏಳಲೇ ಇಲ್ಲ. ವಕೀಲರು ಬಂದರು, ಡಾಕ್ಟರು ಬಂದರು, ದಪ್ಪ ಕನ್ನಡಕದ ಪ್ರೊಫೆಸರೂ ಬಂದರು. ಎಲ್ಲರನ್ನೂ ಆಕೆ ತರಗತಿಯಿಂದ ಹೊರಗೆ ಕಳಿಸಿದಷ್ಟು ಸಲೀಸಾಗಿ ಕಳಿಸಿದರು.

ಹತ್ತನೆಯ ವಾರ ಲೆಕ್ಕದ ಪ್ರಶ್ನೆಯೊಂದು ಬಂದಾಗ ಸಿದ್ರಾಮಪ್ಪನವರು ಖುರ್ಚಿಯಿಂದ ಅರ್ಧ ಎದ್ದರು.

"ರುದ್ರವ್ವಾ, ಅಕಿ ತುಟಿ ನೋಡು. ಮಗ್ಗಿ ಹೇಳಾಕತ್ತಾಳ. ಕನ್ನಡದಾಗ."

"ಪರವೂರ ಹೆಣ್ಮಕ್ಕಳ ತುಟಿ ನೋಡಾಕ ಟೀವಿ ಹಚ್ಚೀರೇನ್ರಿ?" ಎಂದಳು ಹೆಂಡತಿ, ಮೆಂತ್ಯ ಸೊಪ್ಪು ಸೋಸುತ್ತ.

"ಚಾಷ್ಟಿ ಅಲ್ಲ. ನಾವು ಪುಣೆಕ್ಕ ಬಂದು ಇಪ್ಪತ್ತೆರಡು ವರ್ಷ ಆತು. ಗಿರಾಕಿ ಜೋಡಿ ದಿನಾ ಮರಾಠಿನ ಮಾತಾಡ್ತೀನಿ. ಆದ್ರ ಲೆಕ್ಕ ಮಾಡೂದು? ಕನ್ನಡದಾಗನ. ಅಕಿ ನಮ್ಮಾಕಿ."

ಅಂದಿನಿಂದ ಸಿದ್ರಾಮಪ್ಪನವರ ಕಾಲು ನೆಲಕ್ಕೆ ತಾಗಲಿಲ್ಲ. ಅಂಗಡಿಯಲ್ಲಿ ಎರಡು ಮೀಟರ್ ಕೇಳಿದ ಗಿರಾಕಿಗೆ ಅಳೆಯುತ್ತ ಅಳೆಯುತ್ತ ಐದು ಮೀಟರಿಗೆ ಹೋಗಿ ನಿಲ್ಲುವರು. ಕೈ ಬಟ್ಟೆಯ ಮೇಲಿದ್ದರೆ ಮನಸ್ಸು ಮುಂಬಯಿಯಲ್ಲಿ. ಅಲ್ಲಿ ಬೆಳದಿಂಗಳಿನಂಥ ದೀಪಗಳು. ಅಂಬಾಬಾಯಿಯ ಪಕ್ಕದ ಖುರ್ಚಿಯಲ್ಲಿ ಇವರು. ಉತ್ತರ ನಾಲಗೆಯ ತುದಿಗೆ ಬಂದಿದ್ದರೂ ನುಂಗಿಕೊಂಡು, ರಾಜಕುಮಾರನೊಬ್ಬ ಕಿರೀಟ ಬಿಟ್ಟುಕೊಟ್ಟಂತೆ ಮುಗುಳ್ನಗುತ್ತಿದ್ದಾರೆ. ಆಕೆ ಗೆಲ್ಲುತ್ತಾರೆ, ಇವರಿಗೆ ಕೈ ಮುಗಿಯುತ್ತಾರೆ. ಇಷ್ಟಾಗುವ ಹೊತ್ತಿಗೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಿದ್ದ.

ಹನ್ನೊಂದು ಅರ್ಜಿ ಬರೆದ ಮೇಲೆ ಕರೆ ಬಂತು. ಬಂದದ್ದೂ ಎಂಥ ವಾರಕ್ಕೆ! ಇಪ್ಪತ್ತೈದನೆಯದಕ್ಕೆ. ಆ ವಾರವೂ ಗೆದ್ದರೆ ಅಂಬಾಬಾಯಿಗೆ 'ಮಹಾವಿಜೇತೆ' ಎಂಬ ಬಿರುದು ಕೊಟ್ಟು, ಶಾಲು ಹೊದಿಸಿ ಕಳಿಸುವುದೆಂದು ವಾಹಿನಿಯವರು ಸಾರಿದ್ದರು.

"ನಾ ಸೋಲಾಕ ಹೊಂಟೀನಿ," ಎಂದು ಸಿದ್ರಾಮಪ್ಪನವರು ಎದೆಯುಬ್ಬಿಸಿ ಘೋಷಿಸಿದರು. "ಆ ಖುರ್ಚಿ ಮ್ಯಾಲ ಬ್ಯಾರೆ ಶಾಣ್ಯಾ ಬಂದು ಕುಂತ್ರ ಅಕಿ ಗತಿ ಏನು? ನಾ ಕುಂತ್ರ ಅಕಿಗೆ ಒಬ್ಬ ವೈರಿ ಕಡಿಮಿ."

"ಸೋಲೂದು ಮನ್ಯಾಗ ಕುಂತ್ರೂ ಆಗತಿತ್ತಲ್ರಿ. ಅದಕ್ಕ ರಜಾ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಹೋಗಬೇಕೇನು?"

ಹೋಗಲೇಬೇಕಿತ್ತು. ಲೋಣಾವಳಾ ದಾಟುವಾಗ ಮೋಡ ರೈಲಿನ ಕಿಟಕಿಯೊಳಗೇ ನುಗ್ಗಿ ಬಂತು. ಅದರಲ್ಲಿ ಕಣ್ಣು ಮುಚ್ಚಿಕೊಂಡು ಅವರು ಇನ್ನೊಮ್ಮೆ, ಮತ್ತೊಮ್ಮೆ, ಮಗದೊಮ್ಮೆ ಸೋತರು. ಪ್ರತಿ ಸಲವೂ ಮೊದಲಿಗಿಂತ ಚೆಂದವಾಗಿ ಸೋತರು.

ಸ್ಟುಡಿಯೋದಲ್ಲೂ ಎಲ್ಲ ಹಾಗೆಯೇ ನಡೆಯಿತು. ಒಂದು ಬದಿಗೆ ಸಿದ್ರಾಮಪ್ಪನವರು, ನಡುವೆ ಅಂಬಾಬಾಯಿ, ಆ ಬದಿಗೆ ನಾಸಿಕದ ಒಬ್ಬ ಎಂಜಿನಿಯರ್. ಹತ್ತೊಂಬತ್ತು ಪ್ರಶ್ನೆ ಮುಗಿದರೂ ಸಿದ್ರಾಮಪ್ಪನವರು ಗುಂಡಿ ಮುಟ್ಟಲಿಲ್ಲ. ಪ್ರಶ್ನೆ ಕೇಳುವ ನಿರೂಪಕ ಅವರನ್ನು ಕನಿಕರದಿಂದ ನೋಡಿದ. ಇವರು ಹೆಮ್ಮೆಯಿಂದ ನಕ್ಕರು. ಆದರೆ ಆ ಎಂಜಿನಿಯರ್ ಸಾಮಾನ್ಯನಲ್ಲ. ಕೊನೆಯ ಪ್ರಶ್ನೆಯ ಹೊತ್ತಿಗೆ ಅಂಬಾಬಾಯಿಗಿಂತ ಒಂದು ಅಂಕ ಮುಂದಿದ್ದ. ಕೊನೆಯದಕ್ಕೆ ಎರಡು ಅಂಕ. ಆಕೆ ಅದನ್ನು ಹೇಳಿದರೆ ಬಿರುದು ಆಕೆಯದೇ.

"ಸಭಾಗೃಹದಲ್ಲಿ ಎಂಟು ಸಾಲು. ಸಾಲಿಗೆ ಹದಿನೇಳು ಖುರ್ಚಿ. ಒಟ್ಟು ಎಷ್ಟು?" ಎಂದು ನಿರೂಪಕ ಮರಾಠಿಯಲ್ಲಿ ಕೇಳಿದ. ಅಂಬಾಬಾಯಿ ಥಟ್ಟನೆ ಗುಂಡಿ ಒತ್ತಿದರು. ಸಿದ್ರಾಮಪ್ಪನವರ ಹೃದಯ ಹೂವಾಯಿತು. ಆಕೆ ಎಂದಿನಂತೆ ಕಣ್ಣು ಮುಚ್ಚಿ, ತುಟಿಯಲ್ಲೇ ಶುರುಮಾಡಿದರು. ಟೀವಿಯಲ್ಲಿ ಎಂದೂ ಕೇಳದಿದ್ದ ಆ ಸ್ವರ ಮಾರು ದೂರದಿಂದ ಈಗ ಕಿವಿಗೆ ಬಿತ್ತು.

"ಹದಿನೇಳೆಂಟ್ಲೆ..."

ಕನ್ನಡ ಸಾಲಿಯಲ್ಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಾ ಸಂಜೆ ಸಾಲಿ ಬಿಡುವ ಮುಂಚೆ ಅಕ್ಕೋರು ಮಗ್ಗಿಯ ಅರ್ಧ ಸಾಲು ಹೇಳಿ ನಿಲ್ಲಿಸುತ್ತಾರೆ. ಉಳಿದರ್ಧವನ್ನು ಇಡೀ ವರ್ಗ ಒಕ್ಕೊರಲಿನಿಂದ ಒದರಬೇಕು. ಒದರದವನ ಬೆನ್ನಿಗೆ ರೂಲು ಬೀಳುತ್ತದೆ. ಸಿದ್ರಾಮಪ್ಪನವರ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು, ಬೆನ್ನು ನೆಟ್ಟಗಾಯಿತು.

"ನೂರಾ ಮೂವತ್ತಾರೂ..." ಎಂದು ಅವರು ರಾಗವಾಗಿ ಒದರಿದ್ದು ಸ್ಟುಡಿಯೋದ ತಗಡಿನ ಸೂರಿಗೆ ಬಡಿದು ತಿರುಗಿ ಬಂತು.

ಅಂಬಾಬಾಯಿ ಕಣ್ಣು ತೆರೆದರು. ಕ್ಯಾಮೆರಾದವನು ಕ್ಯಾಮೆರಾದಿಂದ ತಲೆ ಹೊರಗೆ ತೆಗೆದ. ವಾಹಿನಿಯ ಹಿರಿಯರಿಬ್ಬರು ಮೂಲೆಯಲ್ಲಿ ಗುಸುಗುಸು ಮಾತಾಡಿ ತೀರ್ಪು ಕೊಟ್ಟರು. ಪಕ್ಕದವರು ಉತ್ತರ ಹೇಳಿಕೊಟ್ಟಿದ್ದರಿಂದ ಪ್ರಶ್ನೆ ರದ್ದು. ಬೇರೆ ಪ್ರಶ್ನೆ ಇಲ್ಲ. ಒಂದು ಅಂಕದಿಂದ ನಾಸಿಕದ ಎಂಜಿನಿಯರ್ ಗೆದ್ದ. ಶಾಲು ಮಡಿಕೆ ಬಿಚ್ಚದೆ ಪೆಟ್ಟಿಗೆಗೆ ವಾಪಸು ಹೋಯಿತು.

ಅಂಬಾಬಾಯಿ ಹೊರಗಿನ ಬೆಂಚಿನಲ್ಲಿ ಒಬ್ಬರೇ ಚಹಾ ಕುಡಿಯುತ್ತಿದ್ದರು. ಆರು ತಿಂಗಳ ವೈಭವವನ್ನು ಒಂದೇ ಉಸಿರಿಗೆ ಮಣ್ಣುಗೂಡಿಸಿದ ಅಪರಾಧಿ ಅವರ ಮುಂದೆ ಹೋಗಿ ನಿಂತ. ಎರಡೂ ಕೈ ಮುಗಿದ.

"ಅಕ್ಕೋರ, ತಪ್ಪಾತ್ರಿ. ನಿಮ್ಮನ್ನ ಗೆಲ್ಲಸಾಕಂತನ ಬಂದಿದ್ದೆ."

ಆಕೆ ತಲೆಯೆತ್ತಿ, ಕನ್ನಡಕದ ಮೇಲಿಂದ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಲ್ಲಿ ಸಾಲಿ ಕಲ್ತೀರಿ?"

"ಗೋಕಾಕದ ಕಡೆ ಒಂದು ಸಣ್ಣ ಊರ್ರಿ."

"ಮಗ್ಗಿ ಛಲೋ ಕಲಿಸ್ಯಾರ," ಎಂದು ಅಂಬಾಬಾಯಿ ಬಸಿಯಲ್ಲಿ ಉಳಿದಿದ್ದ ಚಹಾವನ್ನು ನಿಧಾನವಾಗಿ ಕುಡಿದು ಮುಗಿಸಿದರು. "ಒಬ್ಬರನ್ನ ಕೇಳಿದಾಗ ಉಳಿದವರು ಬಾಯಿ ಮುಚಗೊಂಡು ಕೂಡಬೇಕು ಅನ್ನೂದನ್ನ ಕಲಸೂ ದಿವಸ ನೀವು ಸಾಲಿಗೆ ಹೋಗಿಲ್ಲೇನು?"